100 ನಂಬರಿನಿಂದ ಬಂದ ಕರೆ

ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಬಳೆ, ಬೆಂಡು ಬೆತ್ತಾಸು, ನಾಟಕ ಕಂಪನಿಗಳ ಟೆಂಟಿನ ಜೊತೆಗೆ ಬಾಗಿಲುಗಳೂ ಮಾರಾಟಕ್ಕಿರುತ್ತವೆ. ಕೆತ್ತನೆ ಮಾಡಿದ ಚೌಕಟ್ಟು, ಕದ, ತೊಲೆಬಾಗಿಲು ಎಲ್ಲ ಸಾಲಾಗಿ ನಿಂತಿರುತ್ತವೆ. ಹೊಸ ಮನೆ ಕಟ್ಟಿಸುವವರು ಬನದ ಹುಣ್ಣಿಮೆ ಬರಲಿ ಎಂದು ಕಾದು, ಕಟ್ಟಿಗೆ ತಟ್ಟಿ ನೋಡಿ, ಚೌಕಾಶಿ ಮಾಡಿ, ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗುತ್ತಾರೆ. ಚಿಲಕ, ಕೀಲಿ ಬೇರೆ ಅಂಗಡಿಯದು. ಇಂಟರ್ನೆಟ್‌ನಲ್ಲಿ ಮಾತಾಡುವ ಫೋನಿನ ಪೆಟ್ಟಿಗೆಯೂ ಬಹಳ ಕಾಲ ಹೀಗೆ ಕೀಲಿಯಿಲ್ಲದ ಬಾಗಿಲಾಗಿಯೇ ಕಾರ್ಖಾನೆಯಿಂದ ಹೊರಬರುತ್ತಿತ್ತು. ಜಾತ್ರೆಯ ಬಾಗಿಲು ಕೊಂಡವನು ಮರುದಿನವೇ ಕೀಲಿ ತರುತ್ತಾನೆ. ಪೆಟ್ಟಿಗೆ ಕೊಂಡವನಿಗೆ ಕೀಲಿ ಇಲ್ಲವೆಂಬುದೇ ಗೊತ್ತಿರುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಇದು ಗೊತ್ತಾದದ್ದು ಚೊಳಚಗುಡ್ಡದ ದೊಡ್ಡವ್ವನ ಮನೆಯಲ್ಲಿ. ಆಕೆಯ ಮಗ, ನಾನು ಅಣ್ಣ ಎನ್ನುವವನು, ನ್ಯೂಜೆರ್ಸಿಯಲ್ಲಿದ್ದಾನೆ. ವಾಟ್ಸಾಪ್ ಕರೆ ಇನ್ನೂ ಮನೆಮಾತಾಗಿರದ, ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಕಾಲ ಅದು. ಊರಿಗೆ ಬಂದಾಗ ಅಲ್ಲಿಂದ ಒಂದು ಕೈಯಗಲದ ಕರಿ ಪೆಟ್ಟಿಗೆ ತಂದಿದ್ದ. ಒಂದು ಬದಿಗೆ ಮೋಡೆಮ್‌ನ ತಂತಿ, ಇನ್ನೊಂದು ಬದಿಗೆ ಗುಂಡಿಯೊತ್ತುವ ಮಾಮೂಲಿ ಫೋನು. ಅವನ ಮನೆಯಲ್ಲೂ ಅಂಥದೇ ಒಂದು. ಎರಡರ ನಡುವಿನ ಮಾತಿಗೆ ಐಎಸ್‌ಡಿ ದರದ ಕಾಟವಿಲ್ಲ. ಇಂಥ ಪೆಟ್ಟಿಗೆಯಿಂದ ಇಂಥ ಪೆಟ್ಟಿಗೆಗೆ ಇಂಟರ್ನೆಟ್ ಮೇಲೆ ಮಾತಾಡಲು ನಮ್ಮ ಸರ್ಕಾರ 2002ರ ಏಪ್ರಿಲ್ 1ರಿಂದಲೇ ಅನುಮತಿ ಕೊಟ್ಟಿತ್ತು. ದೊಡ್ಡವ್ವನಿಗೆ ಬೇಕಾದದ್ದೂ ಅಷ್ಟೇ. ಸ್ಮಾರ್ಟ್‌ಫೋನಿನ ಗಾಜು ಉಜ್ಜುವುದು ಆಕೆಗೆ ಆಗದ ಮಾತು, ರಿಸೀವರ್ ಎತ್ತಿದರೆ ಮಗ ಸಿಗಬೇಕು.

ಜಾತ್ರೆಗೆಂದು ಹೋದಾಗ ಮನೆ ತುಂಬ ಬೀಗರು. ನಾಟಕ ನೋಡಿ ಬಂದವರು ನಡುರಾತ್ರಿ ಮೀರಿದರೂ ಹರಟುತ್ತ ಕೂತಿದ್ದರು. ಆಗ ಫೋನು ಬಾರಿಸಿತು. ದೊಡ್ಡವ್ವ ಎತ್ತಿ "ಹಲೋ, ಹಲೋ" ಎಂದಳು. ಆ ಕಡೆ ಉಸಿರೂ ಇಲ್ಲ. ಇಟ್ಟಳು.

"ಅಣ್ಣಾನ ಇರಬೇಕು. ಅಲ್ಲಿ ಈಗ ಮಧ್ಯಾಹ್ನ," ಎಂದೆ.

"ಅಂವ ಅಲ್ಲಪಾ. ಅಂವ ಮಾಡಿದ್ರ ಹೆಸರು ಬರ್ತದ. ಇದು ನೂರು ನಂಬರು. ವಾರಾ ಆತು, ರಾತ್ರಿ ಹಿಂಗ ಬಾರಸ್ತದ. ಠಾಣೆಯಾವ್ರು ಮಾತಾಡ್ದ ಇಡ್ತಾರಂದ್ರ ಏನೋ ಭಾರೀ ವಿಷಯನ ಇರಬೇಕು."

ಫೋನಿನ ಸಣ್ಣ ಪರದೆಯಲ್ಲಿ ನಿಜಕ್ಕೂ 100 ಎಂದೇ ಇತ್ತು. ಪೊಲೀಸರನ್ನು ನಾವು 100ಕ್ಕೆ ಕರೆಯುತ್ತೇವೆಯೇ ಹೊರತು ಪೊಲೀಸರು 100ರಿಂದ ನಮ್ಮನ್ನು ಕರೆಯುವುದಿಲ್ಲ ಎಂದು ನೆಂಟರೊಬ್ಬರು ವಾದ ಹೂಡಿದರು. ಇನ್ನೊಬ್ಬರು ಹೊಲದ ಹದ್ದಿನ ತಕರಾರಿಗೂ ಈ ಕರೆಗೂ ನಂಟು ಕಟ್ಟಿದರು. ಚಹಾ ಮತ್ತೊಂದು ಸುತ್ತು ಬಂತು. ನನಗೆ ಮಾತ್ರ ಒಂದು ಸಣ್ಣ ಪ್ರಶ್ನೆ ಕಾಡತೊಡಗಿತು: ಈ ಕರೆ ಬಂದದ್ದು ಯಾವ ದಾರಿಯಿಂದ?

ಇಂಟರ್ನೆಟ್ ಫೋನಿನ ಕರೆ ಸುಮ್ಮನೆ ಬರುವುದಿಲ್ಲ. ಸೇವೆ ಕೊಡುವ ಕಂಪನಿಯ ಸರ್ವರ್‌ನಲ್ಲಿ ನಮ್ಮ ಪೆಟ್ಟಿಗೆ ತನ್ನ ಹೆಸರು ದಾಖಲಿಸಿರುತ್ತದೆ. ಕರೆ ಅಲ್ಲಿಗೆ ಬಂದು, ಅಲ್ಲಿಂದ ಮನೆಗೆ ಇಳಿಯುತ್ತದೆ. ಹಾಗೆ ಇಳಿದ ಪ್ರತಿ ಕರೆಗೂ ಕಂಪನಿಯ ಲೆಕ್ಕದಲ್ಲಿ ಒಂದು ಸಾಲು ಬೀಳುತ್ತದೆ. ಮರುದಿನ ಬೆಳಗ್ಗೆ, ಅಂದರೆ ಅವನ ರಾತ್ರಿ, ಅಣ್ಣನಿಗೆ ಕರೆ ಮಾಡಿ ಖಾತೆ ತೆರೆದು ನೋಡಲು ಹೇಳಿದೆ. ಅವನ ಕರೆಗಳೆಲ್ಲ ಅಲ್ಲಿದ್ದವು. 100ರದು ಒಂದೂ ಇರಲಿಲ್ಲ.

ಅಲ್ಲಿಗೆ ಅರ್ಧ ಗುಟ್ಟು ಬಯಲಾಯಿತು. ಕರೆ ಕಂಪನಿಯ ಮೂಲಕ ಬಂದೇ ಇಲ್ಲ. ಯಾರೋ ನೇರವಾಗಿ ಈ ಮನೆಯ ಪೆಟ್ಟಿಗೆಗೇ ಮಾತು ಕಳಿಸಿದ್ದಾರೆ, ಪೆಟ್ಟಿಗೆ ಅದನ್ನು ನಂಬಿ ಗಂಟೆ ಬಾರಿಸಿದೆ.

ಹೀಗೆ ಕರೆಯುವವರು ಯಾರು? ಮನುಷ್ಯರಲ್ಲ. ಇಂಟರ್ನೆಟ್ ಫೋನುಗಳು ಪರಸ್ಪರ ಕರೆದುಕೊಳ್ಳುವ ನಿಯಮಾವಳಿಗೆ ಸಿಪ್ ಎನ್ನುತ್ತಾರೆ. ಅದರ ಈಗಿನ ರೂಪ 2002ರ ಜೂನ್‌ನಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ 5060 ಎಂಬ ಪೋರ್ಟ್‌ನಲ್ಲಿ, ಅಂದರೆ ಆ ಸಂಖ್ಯೆಯ ಕಿಂಡಿಯಲ್ಲಿ, ಅದು ಕಿವಿಗೊಟ್ಟು ಕೂತಿರುತ್ತದೆ. 2007ರಲ್ಲಿ ಸ್ಯಾಂಡ್ರೊ ಗೌಚಿ ಎಂಬ ಭದ್ರತಾ ತಜ್ಞ ಇಂಥ ಫೋನು ವ್ಯವಸ್ಥೆಗಳಲ್ಲಿ ತೂತು ಹುಡುಕಲು ಸಿಪ್‌ವಿಶಿಯಸ್ ಎಂಬ ಸಲಕರಣೆ ಬರೆದು ಎಲ್ಲರ ಕೈಗಿತ್ತ. ತಂತಮ್ಮ ಆಫೀಸಿನ ಫೋನನ್ನು ತಾವೇ ಪರೀಕ್ಷಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಕಳ್ಳರಿಗೂ ಅದು ಅಷ್ಟೇ ಸಲೀಸಾಯಿತು. ಆ ಸಲಕರಣೆ ತನ್ನ ಗುರುತು ಹೇಳಿಕೊಳ್ಳುವುದೇ 100 ಎಂದು. ಆಫೀಸುಗಳ ಒಳಫೋನುಗಳು ಸಾಮಾನ್ಯವಾಗಿ 100, 101 ಎಂದು ಶುರುವಾಗುವುದರಿಂದ ಒಳಗಿನವನಂತೆ ಕಾಣುವ ನಂಬರು ಅದು. ಬಾದಾಮಿ ತಾಲೂಕಿನಲ್ಲಿ ಅದು ಪೊಲೀಸ್ ಠಾಣೆಯಂತೆ ಕಂಡಿತು, ಅಷ್ಟೇ. ಹಗಲೂ ಅದು ಬಾರಿಸುತ್ತಿದ್ದಿರಬೇಕು, ಹಗಲಿನ ಗದ್ದಲದಲ್ಲಿ ಯಾರು ಲೆಕ್ಕ ಇಡುತ್ತಾರೆ?

ಈ ಹುಡುಕಾಟ ಎಷ್ಟು ದೊಡ್ಡದೆಂದು ಜಗತ್ತಿಗೆ ತಿಳಿದ ಬಗೆ ಇನ್ನೂ ಸ್ವಾರಸ್ಯದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರ ಬಳಿ 2011ರ ಹೊತ್ತಿಗೆ ಇಂಟರ್ನೆಟ್ ವಿಳಾಸಗಳ ಒಂದು ದೊಡ್ಡ ಖಾಲಿ ಬಯಲಿತ್ತು. ಹಳೆಯ ಪದ್ಧತಿಯ ಒಟ್ಟು ವಿಳಾಸಗಳನ್ನು 256 ಪಾಲು ಮಾಡಿದರೆ ಅದರಲ್ಲೊಂದು ಪಾಲು, ಹೆಚ್ಚೂಕಡಿಮೆ 1.6 ಕೋಟಿ ವಿಳಾಸ. ಅದರ ಬಹುಭಾಗದಲ್ಲಿ ಯಾವ ಯಂತ್ರವೂ ಇರಲಿಲ್ಲ. ಆದ್ದರಿಂದ ಅಲ್ಲಿಗೆ ಯಾರೂ ಏನನ್ನೂ ಕಳಿಸಬೇಕಾಗಿರಲಿಲ್ಲ. ಆದರೂ ಏನಾದರೂ ಬಂದರೆ ಅದು ದಾರಿ ತಪ್ಪಿದ್ದು, ಇಲ್ಲವೇ ಕುರುಡಾಗಿ ಎಲ್ಲ ವಿಳಾಸಗಳನ್ನೂ ತಡಕುತ್ತಿರುವುದು. ಈ ಖಾಲಿ ಬಯಲಿಗೆ ಬೀಳುವುದನ್ನೆಲ್ಲ ದಾಖಲಿಸುವ ಏರ್ಪಾಟಿಗೆ ಅವರು ನೆಟ್‌ವರ್ಕ್ ಟೆಲಿಸ್ಕೋಪ್ ಎನ್ನುತ್ತಾರೆ. 2011ರ ಜನವರಿ ಕೊನೆಯಿಂದ ಫೆಬ್ರುವರಿ 12ರವರೆಗೆ ಆ ಬಯಲಿಗೆ 5060ರ ಕರೆಗಳು ಬಂದು ಬೀಳುತ್ತಿದ್ದವು. ಅವು ಸುಮಾರು 30 ಲಕ್ಷ ಬೇರೆ ಬೇರೆ ವಿಳಾಸಗಳಿಂದ ಬಂದಿದ್ದವು. ಒಂದೊಂದು ವಿಳಾಸದಿಂದ ಬಂದದ್ದು ಬೆರಳೆಣಿಕೆಯಷ್ಟು ಮಾತ್ರ. ಒಬ್ಬನೇ ಸಾವಿರ ಮನೆಯ ಕದ ತಟ್ಟಿದರೆ ಸಿಕ್ಕಿಬೀಳುತ್ತಾನೆ, ಲಕ್ಷ ಜನ ಒಂದೊಂದೇ ಸಲ ತಟ್ಟಿ ನಡೆದರೆ ಯಾರ ಮೇಲೆ ಅನುಮಾನ? ಸ್ಯಾಲಿಟಿ ಎಂಬ ವೈರಸ್ ಹೊಕ್ಕಿದ್ದ ಕಂಪ್ಯೂಟರುಗಳ ಪಡೆ ಹೀಗೆ ಇಡೀ ಇಂಟರ್ನೆಟ್ಟನ್ನೇ ಸೋಸಿ, ಫೋನು ವ್ಯವಸ್ಥೆಗಳು ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡುತ್ತಿತ್ತು. ಅಲ್ಬರ್ಟೊ ಡೈನೊಟ್ಟಿ ಮತ್ತು ಸಂಗಡಿಗರು ಅದರ ಜಾಡು ಬಿಡಿಸಿ 2012ರಲ್ಲಿ ಪ್ರಕಟಿಸಿದರು. ಏನೂ ಇಲ್ಲದ ಕಡೆ ಕೂತು ಎಲ್ಲವನ್ನೂ ಕಂಡ ಆ ಉಪಾಯ ನನಗೆ ಬಹಳ ಹಿಡಿಸಿತು.

ದೊಡ್ಡವ್ವನ ಮನೆಗೆ ವಾಪಸು ಬರೋಣ. ಹೊರಗಿನ ಕರೆ ಮನೆಯೊಳಗಿನ ಪೆಟ್ಟಿಗೆಗೆ ಮುಟ್ಟಬೇಕಾದರೆ ನಡುವಿನ ಮೋಡೆಮ್ ಬಿಟ್ಟುಕೊಡಬೇಕು. ಒಳಗಿನವರು ಕೇಳದ ಯಾವುದನ್ನೂ ಮೋಡೆಮ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಇಲ್ಲಿ ಯಾಕೆ ಬಿಟ್ಟಿತು? ಮೋಡೆಮ್‌ನ ಪುಟ ತೆರೆದೆ. ಅಲ್ಲಿ ಡಿಎಂಜಡ್ ಎಂಬ ಸಾಲಿನಲ್ಲಿ ಫೋನು ಪೆಟ್ಟಿಗೆಯ ವಿಳಾಸ ಕೂತಿತ್ತು. ಹೊರಗಿನಿಂದ ಬಂದದ್ದೆಲ್ಲ, ಯಾವ ಪೋರ್ಟೇ ಆಗಿರಲಿ, ನೇರ ಈ ಪೆಟ್ಟಿಗೆಗೆ ಹೋಗಲಿ ಎಂಬ ಅಪ್ಪಣೆ ಅದು.

"ಇದನ್ನ ಯಾರು ಹಾಕಿದ್ರು ಅಣ್ಣಾ?"

"ಮೋಡೆಮ್ ಕೂಡಸಾಕ ಬಂದಿದ್ದ ಹುಡುಗ. ಮೊದಲ ಅವ್ವ ಮಾತಾಡಿದ್ದು ನನಗ ಕೇಳ್ತಿತ್ತು, ನಂದು ಅವ್ವಗ ಕೇಳ್ತಿದ್ದಿಲ್ಲ. ಅಂವ ಏನೋ ಒತ್ತಿದ, ಸರಿ ಆತು. ಮುಟ್ಟಬ್ಯಾಡ್ರಿ ಅಂತ ಹೇಳಿ ಹೋದ."

ಇಂಟರ್ನೆಟ್ ಫೋನು ಇಟ್ಟುಕೊಂಡವರಿಗೆಲ್ಲ ಈ ಒಂದು ಕಿವಿಯ ರೋಗ ಗೊತ್ತು. ಸಿಪ್ ಪೆಟ್ಟಿಗೆ ಕರೆ ಶುರುಮಾಡುವಾಗ "ನಿನ್ನ ದನಿಯನ್ನು ಈ ವಿಳಾಸಕ್ಕೆ ಕಳಿಸು" ಎಂದು ಸಂದೇಶದೊಳಗೇ ತನ್ನ ವಿಳಾಸ ಬರೆಯುತ್ತದೆ. ಮೋಡೆಮ್‌ನ ಹಿಂದಿರುವ ಪೆಟ್ಟಿಗೆಗೆ ತನ್ನ ಮನೆಯೊಳಗಿನ ವಿಳಾಸ, 192.168ರಿಂದ ಶುರುವಾಗುವುದು, ಅಷ್ಟೇ ಗೊತ್ತು. ಅದೇ ವಿಳಾಸ ಊರೂರಿನ ಮನೆಮನೆಯಲ್ಲೂ ಇರುತ್ತದೆ. ಆ ಕಡೆಯವನು ದನಿಯನ್ನು ಆ ವಿಳಾಸಕ್ಕೆ ಕಳಿಸಿದರೆ ಅದು ಎಲ್ಲಿಯೂ ಮುಟ್ಟುವುದಿಲ್ಲ. ಮೋಡೆಮ್‌ಗಳಲ್ಲಿ ಇದನ್ನು ತಿದ್ದಲೆಂದೇ ಸಿಪ್ ಎಎಲ್‌ಜಿ ಎಂಬ ಒಂದು ಸೌಲಭ್ಯ ಇರುತ್ತದೆ, ಅದು ಅರ್ಧಂಬರ್ಧ ತಿದ್ದಿ ಇನ್ನಷ್ಟು ಕೆಡಿಸುವುದೇ ಹೆಚ್ಚು. ಸರಿಯಾದ ಮದ್ದು ಬೇರೆ ಇದೆ: ಎಎಲ್‌ಜಿಯನ್ನು ಆರಿಸಿ, ಪೆಟ್ಟಿಗೆಯಲ್ಲಿ ಸ್ಟನ್ ಎಂಬುದನ್ನು ಹಚ್ಚುವುದು. ಆಗ ಪೆಟ್ಟಿಗೆ ಹೊರಗಿನ ಒಂದು ಸರ್ವರ್ ಹತ್ತಿರ "ನಿನಗೆ ನಾನು ಯಾವ ವಿಳಾಸದಲ್ಲಿ ಕಾಣುತ್ತೇನೆ?" ಎಂದು ಕೇಳಿ, ಆ ವಿಳಾಸವನ್ನೇ ಸಂದೇಶದಲ್ಲಿ ಬರೆಯುತ್ತದೆ. ಆದರೆ ದಿನಕ್ಕೆ ಹತ್ತು ಮನೆ ತಿರುಗುವ ಹುಡುಗನಿಗೆ ಅಷ್ಟು ಪುರಸೊತ್ತು ಎಲ್ಲಿ? ಡಿಎಂಜಡ್ ಒತ್ತಿದರೆ ಬಹಳ ಸಲ ದನಿ ಎರಡೂ ಕಡೆ ಬರುತ್ತದೆ, ಮನೆಯವರಿಗೆ ಖುಷಿ. ಅವನನ್ನು ದೂರುವ ಮನಸ್ಸು ನನಗಿಲ್ಲ. ದೂರು ಇದ್ದದ್ದು ದನಿಯ ಬಗ್ಗೆ, ಅದನ್ನು ಅವನು ಸರಿಮಾಡಿದ್ದ.

ಎಲ್ಲ ಪೋರ್ಟೂ ತೆರೆದಿದೆ ಎಂದಮೇಲೆ 5060 ಒಂದೇ ತೆರೆದಿಲ್ಲ. ಪೆಟ್ಟಿಗೆಯ ಸೆಟ್ಟಿಂಗ್ ಪುಟ ಕೂತಿರುವ 80ನೇ ಪೋರ್ಟ್ ಕೂಡ ತೆರೆದಿರಬೇಕು. ನನ್ನ ಮೊಬೈಲಿನ ವೈಫೈ ಆರಿಸಿದೆ, ಸಿಮ್‌ನ ಡೇಟಾ ಹಚ್ಚಿದೆ. ಈಗ ನಾನು ಆ ಮನೆಯ ಜಗಲಿಯ ಮೇಲೆ ಕೂತಿದ್ದರೂ ಇಂಟರ್ನೆಟ್ ಲೆಕ್ಕದಲ್ಲಿ ಹೊರಗಿನವನು. ಮೋಡೆಮ್‌ನ ಹೊರವಿಳಾಸವನ್ನು ಬ್ರೌಸರಿನಲ್ಲಿ ಬರೆದು ಒತ್ತಿದೆ.

ಹೆಸರು, ಪಾಸ್‌ವರ್ಡ್ ಕೇಳುವ ಕಿಟಕಿ ಬಂತು. ಸರಿಯಾಗಿಯೇ ಇದೆಯಲ್ಲ ಎನ್ನುವಷ್ಟರಲ್ಲಿ ಅದೇ ವಿಳಾಸದ ಮುಂದೆ ಗೀಟು ಹಾಕಿ ಅಡ್ಮಿನ್ ಎಂದು ಸೇರಿಸಿ ನೋಡಿದೆ. ಯಾವುದೂ ಕೇಳಲಿಲ್ಲ. ಇಡೀ ಪೆಟ್ಟಿಗೆ ಬಿಚ್ಚಿಕೊಂಡಿತು. ಕಂಪನಿಯ ಸರ್ವರ್ ಹೆಸರು, ಅಣ್ಣನ ಖಾತೆಯ ನಂಬರು, ಚುಕ್ಕಿಗಳ ಮರೆಯಲ್ಲಿ ಅದರ ಪಾಸ್‌ವರ್ಡ್, ಯಾವ ಯಾವ ದೇಶಕ್ಕೆ ಕರೆ ಬಿಡಬೇಕೆಂಬ ನಿಯಮ, ಬಂದ ಕರೆಯನ್ನು ಬೇರೆಡೆಗೆ ತಿರುಗಿಸುವ ಸಾಲು, ಎಲ್ಲ ಇತ್ತು. ಎಲ್ಲದರ ಕೆಳಗೆ ಉಳಿಸು ಎಂಬ ಗುಂಡಿಯೂ ಇತ್ತು.

"ಇದಕ್ಕ ಪಾಸ್‌ವರ್ಡ್ ಹಾಕಿದ್ದಿ ಏನು ಅಣ್ಣಾ?"

"ಹಾಕೀನಿ! ನಾನ ಕೈಯಾರ ಹಾಕೀನಿ."

ಹಾಕಿದ್ದು ಸುಳ್ಳಲ್ಲ. ಈ ಪೆಟ್ಟಿಗೆಯಲ್ಲಿ ಪಾಸ್‌ವರ್ಡಿಗೆ ಎರಡು ಖಾನೆ ಇದ್ದವು. ಒಂದು ಬಳಕೆದಾರನಿಗೆ, ಇನ್ನೊಂದು ಅಡ್ಮಿನ್‌ಗೆ. ಅಣ್ಣ ತುಂಬಿದ್ದು ಬಳಕೆದಾರನ ಖಾನೆ. ಅಡ್ಮಿನ್ ಖಾನೆ ಕಾರ್ಖಾನೆಯಿಂದ ಬಂದಂತೆ ಖಾಲಿ. ಖಾಲಿ ಪಾಸ್‌ವರ್ಡನ್ನು ಪೆಟ್ಟಿಗೆ ಅರ್ಥಮಾಡಿಕೊಳ್ಳುವುದು "ಕೇಳಬೇಕಾಗಿಲ್ಲ" ಎಂದು. ಹೀಗಾಗಿ ಮೊದಲ ಪುಟ ಪಾಸ್‌ವರ್ಡ್ ಕೇಳುತ್ತಿತ್ತು, ಮನೆಯವರಿಗೆ ಭದ್ರವಾಗಿದೆ ಎನಿಸುತ್ತಿತ್ತು. ಹೆಚ್ಚು ಅಧಿಕಾರವಿರುವ ಪುಟ ಮಾತ್ರ ಹೋಗಿಬರುವವರಿಗೆಲ್ಲ ತೆರೆದಿತ್ತು. ಇದ್ದ ರಕ್ಷಣೆಯೇ ಇಲ್ಲದ ರಕ್ಷಣೆಯನ್ನು ಮುಚ್ಚಿಟ್ಟಿತ್ತು. ಅಣ್ಣನ ಹಾಗೆ ಎಷ್ಟು ಜನ ಮೊದಲ ಖಾನೆ ತುಂಬಿ ನಿಶ್ಚಿಂತೆಯಿಂದ ಮಲಗಿದ್ದಾರೋ. ಎರಡು ಖಾನೆಯನ್ನು ಪಕ್ಕಪಕ್ಕ ಇಟ್ಟು, ಒಂದು ಖಾಲಿಯಿದ್ದರೆ ಎಚ್ಚರಿಕೆ ಕೊಡಬೇಕೆಂದು ಅದನ್ನು ಬರೆದ ಎಂಜಿನಿಯರಿಗೆ ಹೊಳೆಯಲಿಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ.

"ಅವ್ವನ ಫೋನ್ ತಗೊಂಡು ಯಾರೇನು ಮಾಡ್ತಾರೋ?" ಎಂದ ಅಣ್ಣ. ಅವ್ವನ ಮಾತು ಕದಿಯುವುದಕ್ಕಲ್ಲ, ಅವನ ದುಡ್ಡು ಕದಿಯುವುದಕ್ಕೆ. ನಿಮಿಷಕ್ಕೆ ದುಬಾರಿ ದರದ ವಿದೇಶಿ ನಂಬರುಗಳಿವೆ, ಅಲ್ಲಿಗೆ ಬಿದ್ದ ಪ್ರತಿ ನಿಮಿಷದ ಹಣದಲ್ಲಿ ಒಂದು ಪಾಲು ಆ ನಂಬರು ಹಿಡಿದವನಿಗೆ ಹೋಗುತ್ತದೆ. ಕರೆ ತಿರುಗಿಸುವ ಸಾಲಿನಲ್ಲಿ ಅಂಥ ಒಂದು ನಂಬರು ಬರೆದಿಟ್ಟು, ದೊಡ್ಡವ್ವನ ಪೆಟ್ಟಿಗೆಗೆ ಹೊರಗಿನಿಂದ ಕರೆ ಮಾಡಿದರೆ ಸಾಕು. ಪೆಟ್ಟಿಗೆ ತಾನೇ ಆ ನಂಬರಿಗೆ ಕರೆ ಹಚ್ಚುತ್ತದೆ, ಬಿಲ್ಲು ಅಣ್ಣನ ಕಾರ್ಡಿಗೆ. ಆ ಸಾಲು ಖಾಲಿಯಿತ್ತು, ಬಿಲ್ಲಿನಲ್ಲೂ ಗೊತ್ತಿಲ್ಲದ ಕರೆ ಇರಲಿಲ್ಲ. 100 ಎಂದು ಬಾರಿಸುತ್ತಿದ್ದ ಸಲಕರಣೆಗೆ ಬೇಕಾದದ್ದು ಕರೆ ದಾಟಿಸಿಕೊಡುವ ದೊಡ್ಡ ಎಕ್ಸ್‌ಚೇಂಜುಗಳು. ಗಂಟೆ ಬಾರಿಸಿದ್ದರಿಂದ ಇದು ಬರೀ ಫೋನು ಎಂದು ತಿಳಿದು ಮುಂದೆ ಹೋಗುತ್ತಿತ್ತು. 80ನೇ ಪೋರ್ಟನ್ನೂ ನೋಡಿದ್ದರೆ ಕತೆ ಬೇರೆಯಾಗುತ್ತಿತ್ತು.

ಬೇರೆಯಾದ ಕತೆಗಳಿವೆ. ಅಮೆರಿಕದಲ್ಲಿದ್ದ ಎಡ್ವಿನ್ ಪೆನಾ ಎಂಬವನು ಇಂಟರ್ನೆಟ್ ಫೋನಿನ ನಿಮಿಷಗಳ ಸಗಟು ವ್ಯಾಪಾರಿ. ಅಗ್ಗದಲ್ಲಿ ಮಾರುತ್ತಿದ್ದ, ಯಾಕೆಂದರೆ ಮಾಲು ಕದ್ದದ್ದು. ಸ್ಪೋಕೇನ್ ಊರಿನ ರಾಬರ್ಟ್ ಮೂರ್ ಎಂಬ ಯುವಕ ಅವನಿಗಾಗಿ ಕಂಪನಿಗಳ ಜಾಲವನ್ನು ತಡಕಿ, ತೆರೆದಿದ್ದವುಗಳ ಪಟ್ಟಿ ಕೊಡುತ್ತಿದ್ದ. ಹೀಗೆ 1 ಕೋಟಿಗೂ ಹೆಚ್ಚು ನಿಮಿಷದ ಕರೆಗಳು ಬೇರೆಯವರ ಖರ್ಚಿನಲ್ಲಿ ಸಾಗಿದವು. 2006ರ ಜೂನ್‌ನಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಮೂರ್‌ಗೆ 2 ವರ್ಷ ಶಿಕ್ಷೆಯಾಯಿತು. ಪೆನಾ ದೇಶ ಬಿಟ್ಟು ಓಡಿ, ಮೆಕ್ಸಿಕೊದಲ್ಲಿ ಸಿಕ್ಕು, 2010ರಲ್ಲಿ 10 ವರ್ಷದ ಶಿಕ್ಷೆ ಪಡೆದ. ಜೈಲಿಗೆ ಹೋಗುವ ಮೊದಲು ಮೂರ್ ಪತ್ರಿಕೆಯೊಂದಕ್ಕೆ ತನ್ನ ಕೆಲಸದ ಗುಟ್ಟು ಬಿಚ್ಚಿಟ್ಟ. ಅದರಲ್ಲಿ ಭಾರೀ ವಿದ್ಯೆ ಏನೂ ಇರಲಿಲ್ಲ. ಬಹಳಷ್ಟು ಕಡೆ ಕಾರ್ಖಾನೆಯ ಪಾಸ್‌ವರ್ಡನ್ನು ಯಾರೂ ಬದಲಿಸಿಯೇ ಇರಲಿಲ್ಲ.

ಒಬ್ಬ ಕಳ್ಳ ಹೇಳಿದ್ದನ್ನು ಲೆಕ್ಕ ಹಾಕಿ ತೋರಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದವರು. ಸಿಪ್ ನಿಯಮಾವಳಿ ಬರೆದವರಲ್ಲಿ ಒಬ್ಬರಾದ ಹೆನಿಂಗ್ ಶುಲ್ಜ್‌ರಿನ್ ಕೂಡ ಅಲ್ಲಿಯವರೇ. ಅದೇ ವಿಶ್ವವಿದ್ಯಾಲಯದಲ್ಲಿ ಆಂಗ್ ಕುಯಿ ಎಂಬ ಸಂಶೋಧನಾ ವಿದ್ಯಾರ್ಥಿ, ಪ್ರೊಫೆಸರ್ ಸಾಲ್ವಟೋರ್ ಸ್ಟಾಲ್ಫೊ ಅವರ ಜೊತೆ, 2008ರ ಕೊನೆಗೆ ಒಂದು ಸರಳ ಕೆಲಸ ಶುರುಮಾಡಿದ. ಇಂಟರ್ನೆಟ್‌ನಲ್ಲಿ ಹೊರಗಿನಿಂದ ಕಾಣುವ ಸೆಟ್ಟಿಂಗ್ ಪುಟಗಳನ್ನು ಹುಡುಕಿ, ಆಯಾ ಸಾಧನದ ಕೈಪಿಡಿಯಲ್ಲಿ ಅಚ್ಚಾಗಿರುವ ಪಾಸ್‌ವರ್ಡನ್ನೇ ಹಾಕಿ ನೋಡುವುದು. 2009ರ ಹೊತ್ತಿಗೆ 13 ಕೋಟಿ ವಿಳಾಸ ತಡಕಿ ಆಗಿತ್ತು. ಸುಮಾರು 3 ಲಕ್ಷ ಪುಟಗಳು ಹೊರಗೆ ಕಂಡವು. ಅದರಲ್ಲಿ 21,000ದಷ್ಟು ಕಾರ್ಖಾನೆ ಪಾಸ್‌ವರ್ಡಿಗೆ ತೆರೆದುಕೊಂಡವು. ರೂಟರ್, ಕ್ಯಾಮರಾಗಳ ಜೊತೆಗೆ ಇಂಟರ್ನೆಟ್ ಫೋನುಗಳೂ ಆ ಗುಂಪಿನಲ್ಲಿದ್ದವು. ಪಾಲಿಕಾಮ್ ಕಂಪನಿಯ ಫೋನು ಸಾಧನ ಸಿಕ್ಕದ್ದು 585, ಅವುಗಳಲ್ಲಿ ನೂರಕ್ಕೆ 29ರಷ್ಟರಲ್ಲಿ ಹಳೆಯ ಪಾಸ್‌ವರ್ಡೇ ಇತ್ತು. ಹುಡುಕಾಟ ಹಬ್ಬಿಸಿ 2010ರಲ್ಲಿ ಪ್ರಬಂಧ ಮಂಡಿಸುವಾಗ ತೆರೆದಿದ್ದ ಸಾಧನಗಳ ಲೆಕ್ಕ 5,40,000 ದಾಟಿತ್ತು. ಸಿಕ್ಕ ಸಾಧನಗಳಲ್ಲಿ ಅದು ನೂರಕ್ಕೆ 13ಕ್ಕೂ ಹೆಚ್ಚು. ಈ ಶೋಧದಲ್ಲಿ ಜಾಣತನಕ್ಕಿಂತ ತಾಳ್ಮೆಯ ಪಾಲು ದೊಡ್ಡದು. ಎಲ್ಲರೂ ಇರಬಹುದು ಎಂದು ಊಹಿಸಿದ್ದನ್ನು ಒಬ್ಬ ಕೂತು ಎಣಿಸಿದ.

ಎಣಿಸಿದ್ದರಿಂದ ಎಚ್ಚರವಾಯಿತೇ? 2016ರ ನವೆಂಬರ್ 27ರಂದು ಜರ್ಮನಿಯ ಡಾಯ್ಚ ಟೆಲಿಕಾಮ್ ಕಂಪನಿಯ ಸುಮಾರು 9 ಲಕ್ಷ ಗಿರಾಕಿಗಳ ರೂಟರ್ ಕೆಟ್ಟವು. ಮಿರಾಯಿ ಎಂಬ ವೈರಸ್ಸಿನ ಒಂದು ತಳಿ 7547 ಎಂಬ ಪೋರ್ಟ್ ಮೂಲಕ ಒಳನುಗ್ಗಲು ಹೋಗಿ ಅವನ್ನು ಕೆಡಿಸಿತ್ತು. ಆ ಪೋರ್ಟ್ ಇರುವುದು ಕಂಪನಿಯವರು ದೂರದಿಂದ ರೂಟರ್ ರಿಪೇರಿ ಮಾಡಲೆಂದು. ಜರ್ಮನಿಯಲ್ಲಿ ಆಗಲೇ ಮನೆಫೋನು ಇಂಟರ್ನೆಟ್ ಮೇಲೆ ಬಂದಿತ್ತು, ಆದ್ದರಿಂದ ಇಂಟರ್ನೆಟ್ ಜೊತೆ ಫೋನೂ ಸತ್ತಿತು.

ಮರುವರ್ಷ ಕರ್ನಾಟಕದ ಸರದಿ. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಸಾಲುಸಾಲಾಗಿ ಕೈಕೊಟ್ಟವು. ಕರ್ನಾಟಕ ವೃತ್ತಕ್ಕೂ ಪೆಟ್ಟು ಬಿತ್ತು. ಸುಮಾರು 60,000 ಮೋಡೆಮ್ ಎಂದು ಸುದ್ದಿಯಾಯಿತು. ಅಡ್ಮಿನ್ ಎಂಬ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಮೋಡೆಮ್‌ಗಳಿಗೆ ವೈರಸ್ ಹೊಕ್ಕಿದೆ, ಕೂಡಲೇ ಬದಲಿಸಿ ಎಂದು ಕಂಪನಿ ಗಿರಾಕಿಗಳಿಗೆ ತಿಳಿಸಿತು. ಬ್ರಿಕರ್‌ಬಾಟ್ ಎಂಬುದನ್ನು ಬರೆದ, ಜ್ಯಾನಿಟರ್ ಎಂಬ ಹೆಸರಿನ ಮುಸುಕಿನ ವ್ಯಕ್ತಿ ಇದು ತನ್ನದೇ ಕೆಲಸ ಎಂದ. ಕಾವಲಿಲ್ಲದ ಸಾಧನಗಳು ವೈರಸ್ ಪಡೆಗೆ ಸೇರುವ ಮೊದಲೇ ಅವನ್ನು ನಿಷ್ಕ್ರಿಯ ಮಾಡಿ ಇಂಟರ್ನೆಟ್ ಸ್ವಚ್ಛ ಮಾಡುತ್ತಿದ್ದೇನೆ ಎಂಬುದು ಅವನ ಸಮರ್ಥನೆ. ಪರೀಕ್ಷೆಯ ಅರ್ಜಿ ತುಂಬಬೇಕಿದ್ದ ಹುಡುಗರು, ಪಹಣಿ ತೆಗೆಯಲು ಬಂದು ನಿಂತ ರೈತರು ಈ ಸ್ವಚ್ಛತೆಯ ಬಗ್ಗೆ ಏನಂದುಕೊಂಡರೋ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಪಾಸ್‌ವರ್ಡ್ ಬದಲಿಸಿ ಎಂದು ಗಿರಾಕಿಗೆ ಹೇಳುವುದು ಸುಲಭ. ಮೋಡೆಮ್‌ಗೆ ಪಾಸ್‌ವರ್ಡ್ ಎಂಬುದೊಂದು ಇದೆ ಎಂದೇ ಗೊತ್ತಿಲ್ಲದ ಗಿರಾಕಿ ಏನನ್ನು ಬದಲಿಸಬೇಕು?

ಈ ತಿಳಿವಳಿಕೆ ಕಾನೂನಾಗಲು ಇನ್ನಷ್ಟು ಕಾಲ ಹಿಡಿಯಿತು. ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದಕ್ಕೆ ಕ್ಯಾಲಿಫೋರ್ನಿಯಾ 2020ರ ಜನವರಿ 1ರಿಂದ, ಬ್ರಿಟನ್ 2024ರ ಏಪ್ರಿಲ್ 29ರಿಂದ ತಡೆ ಹಾಕಿದವು. ನಮ್ಮ ದೂರಸಂಪರ್ಕ ಇಲಾಖೆಯ ಎಂಜಿನಿಯರಿಂಗ್ ಕೇಂದ್ರ 2021ರಲ್ಲಿ ಹೊರಡಿಸಿದ ನಡಾವಳಿಯ ಮೊದಲ ಸೂಚನೆಯೂ ಅದೇ, ಆದರೆ ಅದು ಸೂಚನೆ ಮಾತ್ರ.

ದೊಡ್ಡವ್ವನ ಮನೆಯ ರಿಪೇರಿ ಒಂದೊಂದಾಗಿ ನಡೆಯಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲು ಅಡ್ಮಿನ್ ಖಾನೆಗೆ ಪಾಸ್‌ವರ್ಡ್. ಯಾವುದಿಡಬೇಕೆಂದು ಕೇಳಿದಾಗ ದೊಡ್ಡವ್ವ ಕೈ ಮುಗಿದು "ತಾಯಿ ಬನಶಂಕರಿ ಹೆಸರು ಇಡು," ಎಂದಳು.

"ಅದ ಬ್ಯಾಡ ಅವ್ವಾ, ಇಡೀ ಊರ ಅದನ್ನ ಇಟ್ಟಿರ್ತದ," ಎಂದ ಅಣ್ಣ ಆ ಕಡೆಯಿಂದ.

ಕೊನೆಗೆ ಆಕೆಯ ತವರೂರು, ಆಕೆ ಸಾಕಿದ್ದ ಒಂದು ಎಮ್ಮೆ, ಅದನ್ನು ಮಾರಿದ ಬೆಲೆ ಸೇರಿ ಒಂದು ಉದ್ದನೆಯ ಪಾಸ್‌ವರ್ಡ್ ಆಯಿತು. ಉಳಿಸು ಒತ್ತಿದೆ, ಪೆಟ್ಟಿಗೆ ಆರಿ ಹತ್ತಿತು. ಮೊಬೈಲ್ ಡೇಟಾದಿಂದ ಮತ್ತೆ ಅಡ್ಮಿನ್ ಪುಟಕ್ಕೆ ಹೋದೆ, ಈಗ ಕೇಳಿತು. ಕೊಟ್ಟೆ, ತೆರೆಯಿತು. ಖಾತ್ರಿಗೆಂದು ಮತ್ತೊಮ್ಮೆ ಹೋದೆ, ಕೇಳದೇ ತೆರೆಯಿತು! "ಮತ್ತ ಕೇಳವಲ್ತಲ್ಲೋ," ಎಂದು ಪಕ್ಕದಲ್ಲಿದ್ದವರೂ ಗಾಬರಿಯಾದರು. ಪೆಟ್ಟಿಗೆಯದಲ್ಲ, ಇದು ಬ್ರೌಸರಿನ ಸ್ವಭಾವ. ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ಬ್ರೌಸರ್ ಪೂರ್ತಿ ಮುಚ್ಚುವತನಕ ನೆನಪಿಟ್ಟುಕೊಂಡು ನಮ್ಮ ಪರವಾಗಿ ತಾನೇ ಹೇಳುತ್ತಿರುತ್ತದೆ. ಇನ್ನೊಬ್ಬರ ಮೊಬೈಲ್ ಇಸಿದುಕೊಂಡು ನೋಡಿದಾಗ ಕೇಳಿತು, ತಪ್ಪು ಪಾಸ್‌ವರ್ಡಿಗೆ ಬಗ್ಗಲಿಲ್ಲ.

ಆಮೇಲೆ ಡಿಎಂಜಡ್ ತೆಗೆದೆ. ಹೊರಗಿನಿಂದ ಪುಟವೇ ಕಾಣದಾಯಿತು, ನಿರೀಕ್ಷೆಯಂತೆ ಅವ್ವನಿಗೆ ಅಣ್ಣನ ದನಿಯೂ ನಿಂತಿತು. ಮೋಡೆಮ್‌ನಲ್ಲಿ ಸಿಪ್ ಎಎಲ್‌ಜಿ ಆರಿಸಿ, ಪೆಟ್ಟಿಗೆಯಲ್ಲಿ ಸ್ಟನ್ ಹಚ್ಚಿದಾಗ ದನಿ ಮರಳಿತು. ಕೊನೆಗೆ, ತನ್ನ ಕಂಪನಿಯ ಸರ್ವರಿನಿಂದ ಬಂದ ಕರೆಗಷ್ಟೇ ಓಗೊಡು ಎಂಬ ಒಂದು ಆಯ್ಕೆ ಆ ಪೆಟ್ಟಿಗೆಯಲ್ಲೇ ಇತ್ತು, ಅದನ್ನೂ ಹೌದು ಮಾಡಿದೆ. ರಾತ್ರಿಯ ಕರೆ ನಿಂತಿತು. ದೊಡ್ಡವ್ವ ಪಾಸ್‌ವರ್ಡನ್ನು ಹಾಲಿನ ಲೆಕ್ಕದ ವಹಿಯ ಕೊನೆಯ ಹಾಳೆಯಲ್ಲಿ ಬರೆಸಿಕೊಂಡಳು. ಪಾಸ್‌ವರ್ಡ್ ಬರೆದಿಡಬಾರದು ಎನ್ನುವ ಪಂಡಿತರಿದ್ದಾರೆ. ಪರದೇಶದಲ್ಲಿ ಕೂತು ಪೋರ್ಟ್ ತಡಕುವವನಿಗೆ ಚೊಳಚಗುಡ್ಡದ ಹಾಲಿನ ವಹಿ ಸಿಗುವುದಿಲ್ಲ, ಆದ್ದರಿಂದ ನಾನು ತಡೆಯಲಿಲ್ಲ.

ಈಗ ಆ ಕರಿ ಪೆಟ್ಟಿಗೆ ಇಲ್ಲ. ತಾಮ್ರದ ತಂತಿಯೂ ಇಲ್ಲ. ಫೈಬರ್ ಬಂದಮೇಲೆ ಗೋಡೆಗೆ ಹೊಡೆದ ಬಿಳಿ ಪೆಟ್ಟಿಗೆಯ ಹಿಂಬದಿಯಲ್ಲೇ ಫೋನಿನ ಕಿಂಡಿ ಇರುತ್ತದೆ. ಲ್ಯಾಂಡ್‌ಲೈನ್ ಎಂದು ನಾವು ಕರೆಯುವುದೂ ಒಳಗೆ ಇಂಟರ್ನೆಟ್ ಫೋನೇ. ಅದನ್ನು ಕೂಡಿಸಿದ ದಿನ ಸಿಮ್ ಡೇಟಾದಿಂದ ಹೊರವಿಳಾಸಕ್ಕೆ ಹೋಗಿ ನೋಡಿದೆ. ಪುಟ ತೆರೆಯಲಿಲ್ಲ. ಆದರೆ ಆ ಶ್ರೇಯ ಪಾಸ್‌ವರ್ಡಿಗೆ ಸಲ್ಲುವುದಿಲ್ಲ. ಹಳೆಯ ಪದ್ಧತಿಯ ವಿಳಾಸಗಳ ಕೊನೆಯ ಕಂತನ್ನು 2011ರ ಫೆಬ್ರುವರಿ 3ರಂದೇ ಹಂಚಿ ಮುಗಿಸಿದ್ದಾರೆ, ಸ್ಯಾಲಿಟಿ ಪಡೆ ಅವನ್ನು ಸೋಸುತ್ತಿದ್ದ ಅದೇ ವಾರ. ಹೀಗಾಗಿ ಕಂಪನಿಗಳು ಒಂದೇ ಹೊರವಿಳಾಸವನ್ನು ಬಹಳಷ್ಟು ಮನೆಗಳಿಗೆ ಹಂಚಿರುತ್ತವೆ, ಹೊರಗಿನವನಿಗೆ ಯಾವ ಮನೆಗೆ ಹೋಗಬೇಕೆಂದೇ ತಿಳಿಯುವುದಿಲ್ಲ. ಹೊಸ ಪದ್ಧತಿಯ ವಿಳಾಸಗಳಲ್ಲಿ ಪ್ರತಿ ಸಾಧನಕ್ಕೂ ತನ್ನದೇ ವಿಳಾಸವಿರುವುದರಿಂದ ಈ ಮರೆ ಅಲ್ಲಿಲ್ಲ. ಮನೆಯ ವೈಫೈನಿಂದ ಹೋದಾಗ ಪೆಟ್ಟಿಗೆ ಹೆಸರು ಕೇಳಿತು, ಅಡ್ಮಿನ್ ಎಂದೆ. ಪಾಸ್‌ವರ್ಡ್ ಕೇಳಿತು, ಅದಕ್ಕೂ ಅಡ್ಮಿನ್ ಎಂದೆ. ತೆರೆಯಿತು.

ದೊಡ್ಡವ್ವ ಹಾಲಿನ ವಹಿ ತಂದಳು. "ಹಳೇದ ಐತಲ್ಲೋ, ಎಮ್ಮೀದು. ಅದನ್ನ ಹಾಕಿಬಿಡು."

"ಬ್ಯಾಡ ದೊಡ್ಡವ್ವ, ಅದು ಆ ಪೆಟ್ಟಿಗಿಂದು. ಇದಕ್ಕ ಬ್ಯಾರೆ ಬೇಕು."

"ಹಂಗಾರ ಆಕಳದು ಬರಕೋ," ಎಂದು ಪೆನ್ನು ಕೊಟ್ಟಳು.